ಕನ್ನಡ ಬರುತ್ತಾ?

ಈರುಳ್ಳಿ ಬೆಲೆ ಏರಿದಾಗಲೆಲ್ಲ ದೇಶದ ಸುದ್ದಿಮನೆಗಳಿಗೆ ಒಂದೇ ಊರು ನೆನಪಾಗುತ್ತದೆ, ಲಾಸಲಗಾಂವ್. ನಾಸಿಕ ಜಿಲ್ಲೆಯ ನಿಫಾಡ ತಾಲ್ಲೂಕಿನಲ್ಲಿದೆ. 1947ರಲ್ಲಿ ಶುರುವಾದ ಅಲ್ಲಿನ ಮಂಡಿಯಲ್ಲಿ ಬೆಳಿಗ್ಗೆ ಕೂಗಿದ ದರ ಸಂಜೆಯೊಳಗೆ ಬೆಂಗಳೂರಿನ ಯಶವಂತಪುರದಲ್ಲೂ ಮಾತಾಗುತ್ತದೆ. ತಮಾಷೆಯೆಂದರೆ, ಮರಾಠಿಯಲ್ಲಿ ಈರುಳ್ಳಿಗೆ ‘ಕಾಂದಾ’ ಎನ್ನುತ್ತಾರೆ, ‘ಲಸೂಣ’ ಎಂದರೆ ಬೆಳ್ಳುಳ್ಳಿ. ದೇಶದ ಈರುಳ್ಳಿ ರಾಜಧಾನಿಯ ಹೆಸರು ಕಿವಿಗೆ ಬೆಳ್ಳುಳ್ಳಿ ಊರು ಎಂದೇ ಕೇಳಿಸುತ್ತದೆ. ಅದೂ ಎಲ್ಲಿ? ಶೂರ್ಪನಖಿಯ ಮೂಗು ಬಿದ್ದ ಜಾಗವೆಂದು ಹೆಸರಾದ, ಮೂಗು ಎಂದೇ ಅರ್ಥ ಬರುವ ನಾಸಿಕದಲ್ಲಿ.

ಕನ್ನಡದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಬಾರದು. ನಮ್ಮಲ್ಲಿ ಎರಡೂ ಉಳ್ಳಿಯೇ. ಒಂದು ನೀರುಳ್ಳಿ, ಇನ್ನೊಂದು ಬೆಳ್ಳುಳ್ಳಿ. ಅಮೆರಿಕದ ಶಿಕಾಗೊ ನಗರಕ್ಕೆ ಆ ಹೆಸರು ಬಂದದ್ದು ಮಯಾಮಿ-ಇಲಿನಾಯ್ ಭಾಷೆಯ ‘ಶಿಕಾಕ್ವಾ’ ಎಂಬ ಮಾತಿನಿಂದ. ಹೊಳೆದಂಡೆಯಲ್ಲಿ ಬೆಳೆಯುತ್ತಿದ್ದ ಒಂದು ಕಾಡುಗಿಡದ ಹೆಸರದು. ಆ ಗಿಡ ಈರುಳ್ಳಿಯೋ ಬೆಳ್ಳುಳ್ಳಿಯೋ ಎಂದು ಅಲ್ಲಿನ ವಿದ್ವಾಂಸರು ಬಹಳ ಕಾಲ ವಾದಿಸಿದರು. ‘ಉಳ್ಳಿ’ ಎಂಬ ಒಂದು ಪದವನ್ನು ನಮ್ಮಿಂದ ಕಡ ಪಡೆದಿದ್ದರೆ ಅಷ್ಟು ಕಾಗದ ಉಳಿಯುತ್ತಿತ್ತು.

ಊರ ಹೆಸರಿನ ಸದ್ದನ್ನು ನಂಬಿ ಅರ್ಥ ಹೇಳಹೊರಟರೆ ಆಗುವ ಫಜೀತಿಗೆ ಇಂಗ್ಲೆಂಡಿನಲ್ಲಿ ಒಳ್ಳೆಯ ಮಾದರಿಗಳಿವೆ. ಹರ್ಟ್‌ಫರ್ಡ್‌ಶೈರಿನ ಒಂದು ಕುಗ್ರಾಮದ ಹೆಸರು ನ್ಯಾಸ್ಟಿ. ‘ಕೊಳಕು, ಕೆಟ್ಟದ್ದು’ ಎಂಬ ಅರ್ಥದ ಇಂಗ್ಲಿಷ್ ಪದವೇ ಅದು ಎನ್ನಿಸುವಂತಿದೆ. ಊರೇನೋ ಅಚ್ಚುಕಟ್ಟಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ‘ಮೂಡಲ ಬೇಲಿಯ ಬಳಿ’ ಎಂಬ ಸಾದಾ ವಿಳಾಸ. ಹಿಂದಿನ ಪದದ ಕೊನೆಯ ನಕಾರ ಜಾರಿ ಮುಂದಿನ ಪದಕ್ಕೆ ಅಂಟಿತು, ನಡುವಿನ ಸ್ವರಗಳು ಸವೆದವು, ಊರಿನ ಮರ್ಯಾದೆ ಹೋಯಿತು. ನಮ್ಮ ‘ಬೆಂದಕಾಳೂರು’ ಇದೇ ಜಾತಿಯದು. ವೀರಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಕೊಟ್ಟ ಕಥೆ ರುಚಿಯಾಗಿಯೇ ಇದೆ. ಆದರೆ ಬೇಗೂರಿನ ವೀರಗಲ್ಲಿನಲ್ಲಿ ಸುಮಾರು 890ರಲ್ಲೇ ಬೆಂಗಳೂರು ಎಂಬ ಹೆಸರಿದೆ. ಬಲ್ಲಾಳ ಹುಟ್ಟುವ ಮೊದಲೇ ಕಾಳು ಬೆಂದಾಗಿತ್ತು.

ಇಷ್ಟು ಎಚ್ಚರಿಕೆ ಕಟ್ಟಿಕೊಂಡು ಲಾಸಲಗಾಂವ್‌ನಿಂದ ನೇರ ಪೂರ್ವಕ್ಕೆ ನೂರು ಕಿಲೋಮೀಟರಿನ ಆಸುಪಾಸು ಹೋದರೆ ಕನ್ನಡಿಗರ ಪಾಲಿಗೆ ಭಾರತದ ಅತಿ ವಿಚಿತ್ರ ಹೆಸರಿನ ಊರು ಸಿಗುತ್ತದೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಆ ಊರಿನ ಹೆಸರು ಕನ್ನಡ.

ಅಕ್ಷರ ಬೇರೆಯಿರಬಹುದು ಎಂದುಕೊಳ್ಳುವ ಹಾಗಿಲ್ಲ. ಮರಾಠಿಯಲ್ಲಿ ಈ ಊರನ್ನೂ ನಮ್ಮ ಭಾಷೆಯನ್ನೂ ಬರೆಯುವುದು ಒಂದೇ ರೀತಿ: ಕ, ನ್ನ, ಡ. ಅಲ್ಲಿ ಕನ್ನಡ ತಹಸೀಲು ಕಚೇರಿಯಿದೆ, ಕನ್ನಡ ಪಂಚಾಯತ್ ಸಮಿತಿಯಿದೆ, ಮಹಾರಾಷ್ಟ್ರದ 105ನೇ ವಿಧಾನಸಭಾ ಕ್ಷೇತ್ರ ಕನ್ನಡ. ಅಲ್ಲಿನ ಆಡುನುಡಿ ಮರಾಠಿ, ಜೊತೆಗೆ ದಖನಿ. ಮರಾಠಿ ಪತ್ರಿಕೆಯಲ್ಲಿ ಅಲ್ಲಿನ ಮಳೆಯ ಸುದ್ದಿ ಬಂದರೆ, ಅದನ್ನು ಅನುವಾದಿಸುವವರ ಗತಿ ಕೇಳಬೇಡಿ. ‘ಕನ್ನಡದಲ್ಲಿ ಧಾರಾಕಾರ ಮಳೆ’ ಎಂದು ಬರೆದರೆ ತಪ್ಪಿಲ್ಲ, ಆದರೆ ಓದಿದವರು ಕವಿತೆಯೆಂದುಕೊಳ್ಳುತ್ತಾರೆ. ‘ಕನ್ನಡಕ್ಕೆ ಕುಡಿಯುವ ನೀರಿಲ್ಲ’ ಎಂದರೆ ಸಾಹಿತ್ಯ ಸಮ್ಮೇಳನದ ಭಾಷಣದಂತೆ ಕೇಳಿಸುತ್ತದೆ.

ಮರಾಠಿ ಮಾತಾಡುವವರಿಗೆ ಈ ತೊಡಕಿಲ್ಲ. ಬಸ್ಸಿನಲ್ಲಿ ಕೇಳುವುದು ‘ಕನ್ನಡ ಆಲಂ ಕಾ?’, ಭಾಷೆ ಗೊತ್ತೇ ಎಂದು ಕೇಳುವುದು ‘ಕನ್ನಡ ಯೇತೇ ಕಾ?’. ಊರು ನಪುಂಸಕ ಲಿಂಗ, ಭಾಷೆ ಸ್ತ್ರೀಲಿಂಗ, ಕ್ರಿಯಾಪದವೇ ಜಗಳ ಬಿಡಿಸುತ್ತದೆ. ಗೊಂದಲವೇನಿದ್ದರೂ ನಮಗೆ. ಕಂಡಕ್ಟರನ್ನು ‘ಕನ್ನಡ ಬರುತ್ತಾ?’ ಎಂದು ಕೇಳಿದರೆ, ಪಾಪ, ಆತನಿಗೆ ನಮ್ಮ ಭಾಷೆ ಬಂದರೂ ಯಾವುದಕ್ಕೆ ಉತ್ತರ ಕೊಡಬೇಕು ಎಂದು ತಿಳಿಯದು. ಇನ್ನು ಆ ಊರಿನವರನ್ನು ಮರಾಠಿಯಲ್ಲಿ ‘ಕನ್ನಡಕರ್’ ಎನ್ನುತ್ತಾರೆ. ನಮ್ಮ ಕಿವಿಗೆ ಕನ್ನಡಕ ಹಾಕಿಕೊಂಡವರು ಅನ್ನಿಸುತ್ತದೆ.

ಈ ಕನ್ನಡಕದ ವಿಚಾರ ಸುಮ್ಮನೆ ತಮಾಷೆಯಲ್ಲ. ಕನ್ನಡಿ, ಕನ್ನಡಕ, ಕನ್ನಡ ಮೂರೂ ಒಂದೇ ಸದ್ದಿನ ಮನೆಯಲ್ಲಿವೆ. ಹಾಗೆಂದು ಕನ್ನಡಕವನ್ನು ಕಂಡುಹಿಡಿದವರು ಕನ್ನಡಿಗರು ಎಂದು ಯಾರೂ ಹೇಳಿಲ್ಲ (ವಾಟ್ಸಾಪಿನಲ್ಲಿ ಬರುವವರೆಗೆ). ಆದರೆ ಊರ ಹೆಸರು ಎಂದೊಡನೆ ಈ ವಿವೇಕ ಕೈಕೊಡುತ್ತದೆ. ‘ಮಹಾರಾಷ್ಟ್ರದ ನಡುವೆ ಕನ್ನಡವೆಂಬ ಊರಿದೆ, ಆದ್ದರಿಂದ ಅದು ನಮ್ಮದಾಗಿತ್ತು’ ಎಂಬ ವಾದ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಬೆಳಗಾವಿಗಾಗಿ 1966ರಲ್ಲಿ ಮಹಾಜನ ಆಯೋಗ ಕೂರುವ ಮೊದಲೂ ನಂತರವೂ ಎರಡೂ ಕಡೆಯವರು ಊರುಗಳನ್ನು ಹೆಸರು ಹಿಡಿದು ಎಳೆದಾಡಿದ್ದಾರೆ. ಅಂಥ ಎಳೆದಾಟದಲ್ಲಿ ಊರಿನವರ ಮಾತನ್ನು ಕೇಳಿದ್ದು ಕಡಿಮೆ.

ಹಾಗಾದರೆ ಆ ಪ್ರದೇಶಕ್ಕೂ ಕನ್ನಡಕ್ಕೂ ಸಂಬಂಧವೇ ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. ಈ ಊರಿನಿಂದ ಸಂಭಾಜಿನಗರದ ಕಡೆ ಹೊರಟರೆ ದಾರಿಯಲ್ಲೇ ಎಲ್ಲೋರ. ಅಲ್ಲಿ ಎಂಟನೆಯ ಶತಮಾನದಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯ ಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಇನ್ನಷ್ಟು ಮುಂದೆ ದೇವಗಿರಿ. ಅಲ್ಲಿಂದ ಆಳಿದ ಸೇವುಣರ ಶಾಸನಗಳಲ್ಲಿ ದೊಡ್ಡ ಪಾಲು ಕನ್ನಡದವು. ಪೈಠಣದ ಹತ್ತಿರ ಗೋದಾವರಿಯ ದಂಡೆಯ ಆಪೆಗಾಂವ್‌ನಲ್ಲಿ ಹುಟ್ಟಿದ ಜ್ಞಾನೇಶ್ವರರು ತಮ್ಮ ವಿಠ್ಠಲನನ್ನು ಕಾನಡಾ ಎಂದೇ ಕರೆದರು. ಮಹಾರಾಷ್ಟ್ರದ ಊರ ಹೆಸರುಗಳ ಅಡಿಯಲ್ಲಿ ಕನ್ನಡದ ಪದರವಿದೆಯೆಂದು ಶಂಬಾ ಜೋಶಿಯವರು ಜೀವನವಿಡೀ ವಾದಿಸಿದರು.

ಆದರೆ ಇದೇ ದಾಖಲೆಗಳು ಮತ್ತೊಂದು ಮಾತನ್ನೂ ಹೇಳುತ್ತವೆ. ನೃಪತುಂಗನ ಆಸ್ಥಾನದ ಶ್ರೀವಿಜಯ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಾಕಿದ. ಕನ್ನಡವೆಂಬ ಊರು ಇರುವುದು ಗೋದಾವರಿಯ ಉತ್ತರಕ್ಕೆ. ಲಾಸಲಗಾಂವ್ ಕೂಡ ಹೊಳೆಯ ಆಚೆಗೇ. ಎಂದರೆ ನಮ್ಮವರೇ, ನಮ್ಮ ಸಾಮ್ರಾಜ್ಯ ಉಬ್ಬಿದ್ದ ಹೊತ್ತಿನಲ್ಲಿ ಹಾಕಿದ ಗೆರೆಯ ಲೆಕ್ಕದಲ್ಲೂ ಕನ್ನಡ ಕನ್ನಡನಾಡಿನಲ್ಲಿಲ್ಲ. ಸೇವುಣರ ಕನ್ನಡ ಶಾಸನಗಳೂ ಹೆಚ್ಚಾಗಿ ಅವರ ರಾಜ್ಯದ ದಕ್ಷಿಣ ಭಾಗದವು. ಕಲ್ಲು ಸಿಕ್ಕಲ್ಲೆಲ್ಲ ನಾಡು ಎನ್ನುವುದಾದರೆ ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾದಲ್ಲಿ ಮೂರನೆಯ ಕೃಷ್ಣನ ಕನ್ನಡ ಶಾಸನವಿದೆ, ಅದನ್ನೂ ಕೇಳಬೇಕು. ಆಗ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿಯಿರುವ ಮರಾಠಿ ಸಾಲನ್ನು ತೋರಿಸಿ ಅವರು ಏನು ಕೇಳಬಹುದೋ!

ಈ ಕಥೆಯ ನಿಜವಾದ ವ್ಯಂಗ್ಯ ಇರುವುದು ಹತ್ತಿರದ ಇತಿಹಾಸದಲ್ಲಿ. ಕನ್ನಡ ತಾಲ್ಲೂಕು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೀದರ, ಗುಲಬರ್ಗಾ, ರಾಯಚೂರುಗಳೂ ಅಲ್ಲೇ ಇದ್ದವು. ರಾಯಚೂರಿನ ರೈತನೂ ಕನ್ನಡ ತಾಲ್ಲೂಕಿನ ರೈತನೂ ಒಂದೇ ಸರಕಾರಕ್ಕೆ ಕಂದಾಯ ಕಟ್ಟುತ್ತಿದ್ದರು, ಒಂದೇ ಉರ್ದುವಿನಲ್ಲಿ ಬರೆದ ಕಚೇರಿ ಕಾಗದಗಳನ್ನು ಹಿಡಿದು ಓದಿಸಿಕೊಳ್ಳಲು ಯಾರನ್ನಾದರೂ ಹುಡುಕುತ್ತಿದ್ದರು. 1956ರ ನವೆಂಬರ್ 1ರಂದು ಭಾಷೆಯ ಪ್ರಕಾರ ಪಾಲಾಯಿತು. ಕನ್ನಡ ಮಾತಾಡುವ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಮರಾಠವಾಡದೊಡನೆ ಕನ್ನಡ ಮುಂಬಯಿ ರಾಜ್ಯಕ್ಕೆ ಹೋಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ. ನಾವು ರಾಜ್ಯೋತ್ಸವ ಆಚರಿಸುವ ದಿನವೇ ಕನ್ನಡ ನಮ್ಮ ಜೊತೆಗಿದ್ದ ಸಂಸ್ಥಾನವನ್ನು ಬಿಟ್ಟು ಮರಾಠಿಯ ಕಡೆ ನಡೆಯಿತು. ಯಾರೂ ಗಲಾಟೆ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ವಿಂಗಡಿಸಿದವರು ಬೋರ್ಡನ್ನು ನೋಡದೆ ಜನರ ಬಾಯನ್ನು ಕೇಳಿದ್ದರು.

ಹೆಸರು ಬದಲಿಸುವ ಹುರುಪು ಆ ಜಿಲ್ಲೆಗೆ ಹೊಸದಲ್ಲ. ಮಲಿಕ್ ಅಂಬರ್ ಕಟ್ಟಿದ ಖಡ್ಕಿ ಅವನ ಮಗನ ಕೈಯಲ್ಲಿ ಫತೇನಗರವಾಯಿತು, ಆಮೇಲೆ ಔರಂಗಾಬಾದ್, 2023ರಲ್ಲಿ ಛತ್ರಪತಿ ಸಂಭಾಜಿನಗರ. ಇಷ್ಟೆಲ್ಲ ನಡೆಯುವಾಗಲೂ ಪಕ್ಕದ ಕನ್ನಡದ ಹೆಸರನ್ನು ಅಲ್ಲಾಡಿಸಬೇಕೆಂದು ಯಾರಿಗೂ ಹೊಳೆದಂತಿಲ್ಲ. ಗಡಿಯ ವಿಚಾರಕ್ಕೆ ಬಸ್ಸುಗಳಿಗೆ ಮಸಿ ಬಳಿಯುವ ದಿನಗಳಲ್ಲೂ ಅದರದೇ ರಾಜ್ಯದಲ್ಲಿ ‘ಕನ್ನಡ’ ಎಂಬ ಬೋರ್ಡು ಹೊತ್ತ ಎಸ್‌ಟಿ ಬಸ್ಸುಗಳು ನೆಮ್ಮದಿಯಾಗಿ ಓಡುತ್ತವೆ.

ಅಂಕೋಲೆಯಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ ದಾಟಿ ಸೊಲ್ಲಾಪುರ, ಬೀಡಗಳ ಮೇಲೆ ಈ ಊರಿಗೇ ಬರುತ್ತದೆ. ಹುಬ್ಬಳ್ಳಿಯ ಲಾರಿಯವರು ಕನ್ನಡ ನಾಡನ್ನು ಬಿಟ್ಟು ನೂರಾರು ಮೈಲಿ ಕಳೆದ ಮೇಲೆ ಮೈಲಿಗಲ್ಲುಗಳ ಮೇಲೆ ಕನ್ನಡ ಹತ್ತಿರವಾಗುತ್ತ ಬರುವುದನ್ನು ನೋಡುತ್ತಾರೆ. ಊರು ದಾಟಿದೊಡನೆ ಚಾಳೀಸಗಾಂವ್ ಕಡೆಗೆ ಘಾಟಿ ಇಳಿಯಬೇಕು. ಭಿಲ್ಲರ ಪಡೆ ಕಟ್ಟಲು 1825ರಲ್ಲಿ ಖಾನದೇಶಕ್ಕೆ ಬಂದ ಇಂಗ್ಲಿಷ್ ಸೇನಾಧಿಕಾರಿ ಜೇಮ್ಸ್ ಔಟ್ರಮನ ಹೆಸರು ಅದಕ್ಕಿದೆ. ಸುತ್ತಲ ಕಾಡು ಗೌತಾಳಾ-ಔತ್ರಮಘಾಟ್ ಅಭಯಾರಣ್ಯ. ಔಟ್ರಮ್ ಆಗಲೇ ಸವೆದು ‘ಔತ್ರಮ’ ಆಗಿದ್ದಾನೆ, ಕೇಳಲು ಸಂಸ್ಕೃತವೇ. ಇನ್ನೊಂದು ನೂರು ವರ್ಷ ಹೋದರೆ ಅಲ್ಲಿ ತಪಸ್ಸಿಗೆ ಕೂತಿದ್ದ ಔತ್ರಮ ಮಹರ್ಷಿಯ ಗುಹೆಯನ್ನು ಯಾರಾದರೂ ತೋರಿಸಿಯಾರು.