ಪೋಲ್ಕಾ ಯಾರ ಕೂಸು?

ಉತ್ತರ ಕರ್ನಾಟಕದಲ್ಲಿ ರವಿಕೆಗೆ ‘ಪೋಲಕ’ ಎನ್ನುವುದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಬೊಹೀಮಿಯಕ್ಕೆ ಓಡುತ್ತದೆ. ಅಲ್ಲಿ 1830ರ ಸುಮಾರಿಗೆ ಅನ್ನಾ ಎಂಬ ಮನೆಗೆಲಸದ ಹುಡುಗಿ ತನ್ನ ಪಾಡಿಗೆ ಹಾಡಿಕೊಂಡು ಕುಣಿಯುತ್ತಿದ್ದಳಂತೆ. ಉಪಾಧ್ಯಾಯ ಜೋಸೆಫ್ ನೆರುಡಾ ಕಂಡು ಆ ಮಟ್ಟನ್ನು ಬರೆದಿಟ್ಟನಂತೆ. ಕಥೆಯೇನೋ ಸೊಗಸು, ಆದರೆ ಹಳ್ಳಿಯ ಕುಣಿತಕ್ಕೆ ಒಬ್ಬಳೇ ತಾಯಿಯನ್ನು ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ‘ಅರ್ಧ’ ಎಂಬರ್ಥದ ಚೆಕ್ ಮಾತಿನಿಂದ ಹೆಸರು ಬಂತೆನ್ನುವರು. ಪೋಲೆಂಡಿನ ಹೆಣ್ಣೆಂದೇ ಅರ್ಥವೆನ್ನುವವರೂ ಉಂಟು. ಅದರ ಪುಟ್ಟ ಅರೆಹೆಜ್ಜೆಯನ್ನು ನೋಡಿದರೆ ಮೊದಲನೆಯದೇ ಸರಿಯೆನಿಸುತ್ತದೆ.

1840ರಲ್ಲಿ ಪ್ರಾಗಿನ ನೃತ್ಯಶಿಕ್ಷಕ ರಾಬ್ ಅದನ್ನು ಪ್ಯಾರಿಸ್ಸಿನ ರಂಗದ ಮೇಲೆ ಕುಣಿದು ತೋರಿಸಿದ. 1844ರ ಹೊತ್ತಿಗೆ ಪ್ಯಾರಿಸ್, ಲಂಡನ್ನುಗಳ ಶ್ರೀಮಂತ ನೃತ್ಯಶಾಲೆಗಳಿಗೆ ಹುಚ್ಚೇ ಹಿಡಿಯಿತು. ಕಲಿಸುವವರ ಜೇಬು ತುಂಬಿತು. ಹೆಂಗಸರ ಬಿಗಿ ಅಂಗಿಯೊಂದಕ್ಕೂ ಅದೇ ಹೆಸರು ಬಿತ್ತು. ನಮ್ಮ ಪೋಲಕ ಮರಾಠಿಯ ಹಾದಿ ಹಿಡಿದು ಬಂದದ್ದು ಅಲ್ಲಿಂದಲೇ ಎಂದು ನನ್ನ ಊಹೆ.