ಎಡೆದೊರೆ ನಾಡಿಗೆ ಬಂದುಹೋದವರು

1520ರಲ್ಲಿ ರಾಯಚೂರು ಕೋಟೆಯ ಗೋಡೆ ಮೇಲೆ ನಿಂತ ಆದಿಲಶಾಹಿ ಕಾವಲುಗಾರರನ್ನು ಕೆಳಗಿನಿಂದ ಹೊಡೆದುರುಳಿಸಿದ್ದು ಪೋರ್ಚುಗೀಸ್ ಬಂದೂಕುಗಳು. ಕ್ರಿಸ್ಟೊವಾವ್ ದ ಫಿಗೇರಿದೊ ಎಂಬಾತ ಇಪ್ಪತ್ತು ಮಂದಿ ಬಂದೂಕಿನವರನ್ನು ಕಟ್ಟಿಕೊಂಡು ಕೃಷ್ಣದೇವರಾಯನ ದಂಡಿಗೆ ನೆರವಾದ ಎಂದು ಆ ಕಾಲದ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಎರೆಮಣ್ಣಿನ ಸೀಮೆಗೆ ಕ್ರೈಸ್ತ ಪರದೇಶಿಗಳು ಬಂದ ಕಥೆಯನ್ನು ನಾನು ಇಲ್ಲಿಂದಲೇ ಶುರು ಮಾಡುವುದು. ಕೇಳುವವರಿಗೆ ಕಸಿವಿಸಿಯಾಗುತ್ತದೆ. ಆಗಲಿ, ಅದರಿಂದ ನಷ್ಟವೇನಿಲ್ಲ.

ಕೇಳುವವರೆಂದರೆ ಹದಿನೆಂಟು, ಹತ್ತೊಂಬತ್ತರ ಹುಡುಗ ಹುಡುಗಿಯರು. ಪರದೇಶದ ತಮ್ಮ ಊರುಗಳಲ್ಲಿ ಹೈಸ್ಕೂಲು ಮುಗಿಸಿ, ಕಾಲೇಜು ಸೇರುವ ಮುಂಚೆ ಒಂದು ವರ್ಷ ಬಿಡುವು ಮಾಡಿಕೊಂಡು ಬಂದವರು. ಯಾವುದೋ ಹಾಸ್ಟೆಲಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ, ಭಾನುವಾರ ಬಂತೆಂದರೆ ಹಳ್ಳಿ ಹಳ್ಳಿಯ ಚರ್ಚುಗಳನ್ನು ನೋಡಲು ಹೊರಡುತ್ತಾರೆ. ನಾನು ಲಿಂಗಸುಗೂರಿನವ, ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವ. ನನ್ನ ಸಂಬಂಧಿಕರೊಬ್ಬರು ಸಭಾಪಾಲಕರು. ಪರದೇಶದವರು ಬಂದರೆ ದುಭಾಷಿ ಕೆಲಸಕ್ಕೆ ನನ್ನನ್ನೇ ಜೀಪು ಹತ್ತಿಸುತ್ತಾರೆ. ಮಸ್ಕಿ ದಾಟಿ ಸಿಂಧನೂರಿನ ಕಡೆಗೆ ಹೋಗುವ ದಾರಿಯಲ್ಲಿ ಒಗ್ಗರಣಿ-ಮಿರ್ಚಿ ತಿನ್ನಿಸುತ್ತಾ ನಾನು ಇದನ್ನೆಲ್ಲ ಹೇಳುವುದು.

ಹೀಗೆ ವರ್ಷದ ಮಟ್ಟಿಗೆ ಬೇರೆ ದೇಶಕ್ಕೆ ಸೇವೆಗೆ ಹೋಗುವ ಪದ್ಧತಿಗೆ ವಯಸ್ಸು ಬಹಳ ಆಗಿಲ್ಲ. 1934ರ ಬಿಹಾರ ಭೂಕಂಪದ ನಂತರ ಸ್ವಿಸ್ ಶಾಂತಿವಾದಿ ಪಿಯೇರ್ ಸೆರೆಸೋಲ್ ಕೆಲವು ಗೆಳೆಯರೊಂದಿಗೆ ಬಂದು ಮನೆ ಕಟ್ಟುವ ಕೆಲಸಕ್ಕೆ ನಿಂತ. 1958ರಲ್ಲಿ ಬ್ರಿಟನ್ನಿನ ಅಲೆಕ್ ಡಿಕ್ಸನ್ ಮತ್ತು ಅವನ ಹೆಂಡತಿ ಮೋರಾ ಆಗತಾನೆ ಶಾಲೆ ಮುಗಿಸಿದ ಹುಡುಗರನ್ನು ಹೊರದೇಶಗಳಿಗೆ ಕಳಿಸುವ ವಿ.ಎಸ್.ಓ. ಸಂಸ್ಥೆ ಕಟ್ಟಿದರು. 1961ರಲ್ಲಿ ಕೆನಡಿಯ ಪೀಸ್ ಕೋರ್ ಬಂತು. ಜರ್ಮನಿಯಲ್ಲಿ 2011ರವರೆಗೂ ಗಂಡುಹುಡುಗರಿಗೆ ಸೈನ್ಯದ ಸೇವೆ ಕಡ್ಡಾಯವಾಗಿತ್ತು, ಅದರ ಬದಲು ಹೊರದೇಶದಲ್ಲಿ ಸಮಾಜಸೇವೆ ಮಾಡಲೂ ದಾರಿಯಿತ್ತು. 2008ರಿಂದ ಅಲ್ಲಿನ ಸರ್ಕಾರವೇ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆಯಲ್ಲಿ ಇಂಥ ಹುಡುಗರ ಖರ್ಚಿನ ದೊಡ್ಡ ಪಾಲು ಹೊರುತ್ತಿದೆ. ನಮ್ಮ ನೆರೆಯ ಮಾನ್ವಿ, ಪನ್ನೂರಿನ ಜೆಸ್ವಿಟರ ಶಾಲೆಗಳಿಗೆ ಜರ್ಮನ್ ಹುಡುಗರು ಬಂದದ್ದು ಈ ಬಗೆಯ ಏರ್ಪಾಡುಗಳಿಂದಲೇ.

ಆದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಕರೆದುಕೊಂಡು ಹೋದಾಗ ಅವರ ಮುಖ ನೋಡಬೇಕು. ತಮ್ಮ ಸಂಸ್ಥೆ ಹಳೆಯದು ಅಂದುಕೊಂಡು ಬಂದವರು ಅಲ್ಲಿ ಸುಮ್ಮನಾಗುತ್ತಾರೆ. ಮುದಗಲ್ಲು ಎಂದರೆ ಎಲ್ಲರಿಗೂ ಕೋಟೆ ನೆನಪಾಗುತ್ತದೆ, ಮೊಹರಂನಲ್ಲಿ ಹುಸೇನಿ ಆಲಂ ನೋಡಲು ನೆರೆಯುವ ಜನಸಾಗರ ನೆನಪಾಗುತ್ತದೆ. ವಿಜಯನಗರದವರೂ ಬಹಮನಿಯವರೂ ಈ ಕೋಟೆಗಾಗಿ ತಲೆಮಾರುಗಟ್ಟಲೆ ಬಡಿದಾಡಿದರು. ಅಲ್ಲಿ ಕ್ಯಾಥೊಲಿಕ್ ಕ್ರೈಸ್ತರ ಹಳೆಯ ಒಕ್ಕಲು ಇದೆ ಎಂಬುದು ರಾಯಚೂರಿನವರಿಗೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಇಲ್ಲಿನ ಚರ್ಚು 1557ಕ್ಕೂ ಮುಂಚಿನದು ಎಂದು ನಿಜಾಮರ ಕಾಲದ ವರ್ಣನೆಗಳು ಹೇಳುತ್ತವೆ. ಗೋವೆಯಿಂದ ಸಂತ ಫ್ರಾನ್ಸಿಸ್ ಜೇವಿಯರ್ ಕಳಿಸಿದ ಪಾದ್ರಿಯಿಂದ ಈ ಸಭೆ ಹುಟ್ಟಿತು ಎಂಬ ಮಾತೂ ಅವುಗಳಲ್ಲಿದೆ, ಜೊತೆಗೆ ಬಿಜಾಪುರದ ಸುಲ್ತಾನರು ಭೂಮಿ ಕೊಟ್ಟರೆಂಬ ಮಾತು. ಜೇವಿಯರ್ ತೀರಿಕೊಂಡದ್ದು 1552ರಲ್ಲಿ. ಆ ಸಂಬಂಧವನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು, ಹಳೆಯ ಚರ್ಚುಗಳಿಗೆಲ್ಲ ಯಾರಾದರೊಬ್ಬ ಸಂತ ಬೇಕೇ ಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು ಸುಲ್ತಾನರ ಭೂಮಿ. ಗೋವೆಯ ಪೋರ್ಚುಗೀಸರ ಎದುರು ಕತ್ತಿ ಹಿರಿದು ನಿಂತಿದ್ದ ಮನೆತನವೇ ಅವರ ಪಾದ್ರಿಗೆ ತನ್ನ ಗಡಿಕೋಟೆಯ ಊರಿನಲ್ಲಿ ಜಾಗ ಕೊಟ್ಟಿತೆಂದರೆ, ಆ ಕಾಲದ ಲೆಕ್ಕಾಚಾರ ನಾವು ಪಠ್ಯಪುಸ್ತಕದಲ್ಲಿ ಮಕ್ಕಳಿಗೆ ಹೇಳಿದಷ್ಟು ಸರಳವಾಗಿರಲಿಲ್ಲ.

ಮುದಗಲ್ಲಿನಲ್ಲಿ ಇಷ್ಟು ಬೇಗ ಬೇರು ಬಿಟ್ಟದ್ದು ಸುತ್ತಲಿನ ಹಳ್ಳಿಗಳಿಗೆ ಹಬ್ಬಲಿಲ್ಲ. ಮೂರು ಶತಮಾನ ಹಾಗೇ ಕಳೆಯಿತು. ಕಾರಣ ನಕ್ಷೆಯಲ್ಲಿದೆ. ತುಂಗಭದ್ರೆಯ ಆಚೆ ಬಳ್ಳಾರಿ ಕಂಪನಿಯವರ ಕೈಗೆ ಹೋಗಿತ್ತು, 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ಕೂತು ಬೈಬಲ್ಲನ್ನು ಕನ್ನಡಕ್ಕೆ ತರಲು ಶುರು ಮಾಡಿದ. ಪಶ್ಚಿಮಕ್ಕೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ 1837ರಿಂದ 1841ರೊಳಗೆ ಬಾಸೆಲ್ ಮಿಷನ್ನಿನವರು ನೆಲೆಯೂರಿದರು. ನಡುವೆ ಉಳಿದ ನಮ್ಮದು ನಿಜಾಮರ ಸೀಮೆ. ಇಂಗ್ಲಿಷರ ಕಲೆಕ್ಟರ್ ಇಲ್ಲದ ಕಡೆ ಮಿಷನರಿಗಳು ಕಾಲಿಡಲು ಹಿಂದೆಮುಂದೆ ನೋಡುತ್ತಿದ್ದರು. ಹೊಳೆಯ ಆಚೆ ದಂಡೆಯಲ್ಲಿ ಅಚ್ಚುಕೂಟ, ಶಾಲೆ ಬಂದಿದ್ದರೂ ಈಚೆ ದಂಡೆಯಲ್ಲಿ ಏನೂ ಇರಲಿಲ್ಲ.

1853ರಲ್ಲಿ ಸಾಲದ ಬಾಬ್ತಿಗೆ ನಿಜಾಮ ಈ ಸೀಮೆಯನ್ನು ಕಂಪನಿಗೆ ಒಪ್ಪಿಸಿದ, 1860ರಲ್ಲಿ ಅದು ಮರಳಿ ಅವನ ಕೈಸೇರಿತು. ಲಿಂಗಸುಗೂರಿನಲ್ಲಿ ಆಗ ಹೈದರಾಬಾದ್ ಪಡೆಯ ಛಾವಣಿ. ಇವತ್ತಿಗೂ ನಮ್ಮೂರಿನ ಆ ಭಾಗಕ್ಕೆ ಛಾವಣಿ ಎಂದೇ ಹೆಸರು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಮೇಲೆ ಏರಿಹೋದ ಪಡೆ ಇಲ್ಲಿಂದಲೇ ಹೊರಟದ್ದು. ಆ ಹುಡುಗ ದೊರೆಯನ್ನು ಎಳೆವಯಸ್ಸಿನಿಂದ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸೀಮೆಯ ಆಡಳಿತವನ್ನೂ ನೋಡಿದವ. ಕಂದಾಯದ ಲೆಕ್ಕ ಬರೆಯುತ್ತಲೇ ಕಂಡದ್ದನ್ನೆಲ್ಲ ಗುರುತು ಹಾಕಿಕೊಳ್ಳುವ ಚಟ ಅವನದು. ಮುದಗಲ್ಲಿನ ಕ್ರೈಸ್ತರ ಹತ್ತಿರ ಕನ್ನಡದಲ್ಲೇ ಬರೆದ ಹಳೆಯ ಧರ್ಮೋಪದೇಶಗಳಿದ್ದವು ಎಂದು ಹೊರಗಿನವರಿಗೆ ತಿಳಿದದ್ದು ಅವನ ಬರವಣಿಗೆಯಿಂದ. ಅವನು ಅಧಿಕಾರಿಯಾಗಿ ಒಳ್ಳೆಯವನೋ ಕೆಟ್ಟವನೋ, ಸುರಪುರದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬರೆದಿಟ್ಟದ್ದು ಮಾತ್ರ ಉಳಿದಿದೆ.

ಹಳ್ಳಿಗಳಿಗೆ ಕ್ರೈಸ್ತಮತ ನಿಜವಾಗಿ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಅಮೆರಿಕದ ಮೆಥಡಿಸ್ಟರ ಜೊತೆ. ಅದಕ್ಕೆ ಸ್ವಲ್ಪ ಮುಂಚೆ ಧಾತು, ಈಶ್ವರ ಸಂವತ್ಸರಗಳ ಬರ ಈ ನಾಡನ್ನು ತಿಂದುಹಾಕಿತ್ತು. 1876ರಿಂದ 78ರವರೆಗಿನ ಆ ಬರದಲ್ಲಿ ಮೊದಲು ಸತ್ತದ್ದು ಹೊಲ ಇಲ್ಲದವರು. ಮೆಥಡಿಸ್ಟರ ಮಾತಿಗೆ ಕಿವಿಗೊಟ್ಟವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯ ಮಾದಿಗರು. ಹೊಟ್ಟೆಗಾಗಿ ಹೋದರು ಎಂದು ಮೂಗು ಮುರಿಯುವವರು ಅಂದೂ ಇದ್ದರು, ಇಂದೂ ಇದ್ದಾರೆ. ನನ್ನ ತಾತ ಹೋದದ್ದು ಪಾಟಿ ಬಳಪಕ್ಕಾಗಿ. ಊರ ಸಾಲಿಯ ಕಟ್ಟೆ ಹತ್ತಲು ಬಿಡದಿದ್ದವನನ್ನು ಬೇವಿನ ಮರದ ಕೆಳಗೆ ಕೂಡಿಸಿ ಕಾಗುಣಿತ ಕಲಿಸಿದರು, ಮುಂದೆ ಅವನೇ ಉಪದೇಶಿಯಾದ.

ಈ ಉಪದೇಶಿಗಳ ಮುಂದೆ ನನಗೆ ಮಿಷನರಿಗಳು ಚಿಕ್ಕವರಾಗಿ ಕಾಣುತ್ತಾರೆ. ದೊರೆ ಸಾಹೇಬರು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಡೇರೆ ಹೊಡೆದು, ದೀಕ್ಷಾಸ್ನಾನ ಕೊಟ್ಟು, ಅಮೆರಿಕಕ್ಕೆ ವರದಿ ಕಳಿಸುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಕೈಯಲ್ಲಿ ಕಂದೀಲು, ಹೆಗಲಲ್ಲಿ ಚೀಲ ಹಾಕಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆದವರು ಇವರು. ರಾತ್ರಿ ಕೂಲಿ ಮುಗಿಸಿ ಬಂದವರಿಗೆ ಅಕ್ಷರ ಕಲಿಸುವುದು, ಹಾಡು ಹೇಳಿಕೊಡುವುದು, ಹೆರಿಗೆ ಕಷ್ಟವಾದರೆ ಗಾಡಿ ಹೊಂದಿಸುವುದು, ಹೆಣ ಬಿದ್ದರೆ ಕುಣಿ ತೋಡಿಸುವುದು. ಸಂಬಳ ನಿಂತಾಗ ಜೋಳ ಕೊಟ್ಟರೆ ಜೋಳ, ಇಲ್ಲದಿದ್ದರೆ ಪುಂಡಿಪಲ್ಯ. ಮೇಲಿನ ಕೇರಿಯ ಬಾವಿಯಿಂದ ಇವರಿಗೆ ನೀರು ಕೊಡುತ್ತಿರಲಿಲ್ಲ. ತಾತ ಮಸ್ಕಿ ಕಡೆಯ ಹಳ್ಳಿಗಳಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಅಜ್ಜಿ ಅವನ ಬಗ್ಗೆ ಆಡುತ್ತಿದ್ದ ಮಾತುಗಳು ಪ್ರಾರ್ಥನೆಯಂತೂ ಆಗಿರಲಿಲ್ಲ. ಅಜ್ಜಿಯರೂ ಸುಮ್ಮನಿರಲಿಲ್ಲ. ಮನೆಯೊಳಗಿನ ಹೆಂಗಸರಿಗೆ ಓದು ಮುಟ್ಟಿದ್ದು ಅವರ ಬಾಯಿಂದ. ವರದಿಗಳಲ್ಲಿ ಇವರೆಲ್ಲ ‘ಸ್ಥಳೀಯ ಸಹಾಯಕರು’ ಎಂಬ ಒಂದು ಸಾಲು.

ಸ್ವಾತಂತ್ರ್ಯ ಬಂದ ಮೇಲೆ ಎರಡು ಸಂಗತಿ ಒಟ್ಟಿಗೇ ನಡೆದವು. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಎಂದಾಯಿತು. ಮುಂದೆ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು, ಕ್ರೈಸ್ತರಾದ ದಲಿತರಿಗೆ ಇನ್ನೂ ಸಿಕ್ಕಿಲ್ಲ. ಭಾನುವಾರದ ಜಮಖಾನೆಯ ಮೇಲೆ ಕೂರುವ ತಲೆಗಳಿಗೂ ಜನಗಣತಿಯ ಲೆಕ್ಕಕ್ಕೂ ತಾಳೆಯಾಗದ್ದಕ್ಕೆ ಇದೇ ದೊಡ್ಡ ಕಾರಣ. ಮತ್ತೊಂದು ಕಡೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಹರಿಯಿತು. ಆಂಧ್ರದ ರೈತರು ಬಂದು ಭೂಮಿ ಕೊಂಡರು, ಜೋಳದ ನೆಲ ಭತ್ತದ ಗದ್ದೆಯಾಯಿತು, ಊರಿಗೊಂದು ಕ್ಯಾಂಪು ಎದ್ದಿತು. ಕ್ಯಾಂಪಿನ ಕೂಲಿಗಳ ಜೊತೆ ತೆಲುಗು ಪ್ರಾರ್ಥನೆಯೂ ಬಂತು. ಇಂದು ಸಿಂಧನೂರಿನ ಸುತ್ತ ಒಂದು ಹಾಡು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ನೀರು ಎಲ್ಲರಿಗೂ ಬರಲಿಲ್ಲ. ಮಸ್ಕಿ ಕಡೆಯ ರೈತರು 5ಎ ಕಾಲುವೆಗಾಗಿ ಧರಣಿ ಕೂತದ್ದು ಮೊನ್ನೆ ಮೊನ್ನೆಯ ಸಂಗತಿ.

ಈಗ ಭಾನುವಾರದ ಚರ್ಚಿಗೆ ಬರೋಣ. ಚರ್ಚೆಂದರೆ ಕೇರಿಯ ನಡುವೆ ತಗಡು ಹೊದಿಸಿದ ಒಂದು ಕೋಣೆ, ನೀಲಿ ಸುಣ್ಣ, ಢೋಲಕ್ಕು, ತಾಳ, ಕಿವಿ ಹರಿಯುವ ಸ್ಪೀಕರು. ಪರದೇಶದ ಹುಡುಗಿ ಒಳಗೆ ಬಂದಳೋ, ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿ ಅವಳಿಗೆ. ಎಂಬತ್ತು ದಾಟಿದ ಉಪದೇಶಿ ನೆಲದ ಮೇಲೆ. ಶಾಲು, ಹಾರ, ಫೋಟೊ. ಆಮೇಲೆ ಕೂಸನ್ನು ತಂದು, “ಯವ್ವಾ, ತೆಲಿ ಮ್ಯಾಲ ಕೈ ಇಡು, ಜ್ವರ ಬಿಟ್ಟಿಲ್ಲ” ಎನ್ನುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ ಎಂಬ ನಿಯಮ ನಮ್ಮ ಸಭಾಪಾಲಕರಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಉಪದೇಶ ಮಾಡಲು ಇವರನ್ನು ನಿಲ್ಲಿಸುವುದಿಲ್ಲ. ಕೂಸನ್ನು ಮುಂದೆ ಹಿಡಿದ ತಾಯಿಗೆ ವೀಸಾ ಎಂದರೇನು? ಹುಡುಗಿ ನನ್ನ ಮುಖ ನೋಡುತ್ತಾಳೆ. ಮಸ್ಕಿಯ ಸರ್ಕಾರಿ ಆಸ್ಪತ್ರೆಗೆ ತೋರಿಸಿದ್ದೀರಾ ಎಂದು ನಾನು ಕೇಳುತ್ತೇನೆ, ಜೀಪಿನಲ್ಲಿ ಜಾಗ ಮಾಡುತ್ತೇನೆ.

ಹೆಂಗಸರು ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ. “ಸರ, ಈ ತಂಗಿ ಸಾಲಿ ಯಾಕ ಬಿಟ್ಟಾಳ? ಮನ್ಯಾಗ ತ್ರಾಸೇನ್ರಿ?” ಓದು ಬಿಟ್ಟು ವರ್ಷ ಹೊರಗೆ ಹೋಗುವುದೆಂದರೆ ಅವರಿಗೆ ಗೊತ್ತಿರುವುದು ಗುಳೆ. ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಜಡಿದು ಬೆಂಗಳೂರಿಗೋ ಪುಣೆಗೋ ಗಾರೆ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳ ಸಾಲಿ ಅಲ್ಲಿಗೆ ನಿಲ್ಲುತ್ತದೆ. ಆ ದಿನಗಳಲ್ಲಿ ಚರ್ಚಿನಲ್ಲಿ ಮುದುಕರು ಮಾತ್ರ. ಅತಿಥಿಗಳನ್ನು ಆಗಲೇ ಕರೆದೊಯ್ಯಿರಿ ಎಂದು ನಾನು ಹಟ ಹಿಡಿಯುವುದುಂಟು. ಹಾರ ಹಾಕಲು ಜನ ಇರುವುದಿಲ್ಲ, ಮುದುಕರಿಗೆ ಮಾತಾಡಲು ಬಿಡುವಿರುತ್ತದೆ.

ಬಂದವರಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮಸ್ಕಿಯ ಗುಡ್ಡಕ್ಕೆ ಅವರನ್ನು ಹತ್ತಿಸುವುದು ಅದಕ್ಕೇ. 1915ರಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಬಂಗಾರ ಹುಡುಕುತ್ತಾ ಬಂದು ಅಲ್ಲಿ ಬಂಡೆಯ ಮೇಲೆ ಬರಹ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಓದಿದಾಗ ‘ದೇವಾನಾಂಪ್ರಿಯ’ನ ಜೊತೆ ‘ಅಶೋಕ’ ಎಂಬ ಹೆಸರೂ ಅದರಲ್ಲಿತ್ತು. ಶಾಸನಗಳ ದೇವಾನಾಂಪ್ರಿಯ ಯಾರು ಎಂಬ ವಾದಕ್ಕೆ ಅಲ್ಲಿ ತೆರೆ ಬಿತ್ತು. ಬಂಗಾರದ ಕೆಲಸ ಹತ್ತಿರದ ಹಟ್ಟಿಯಲ್ಲಿ ಈಗಲೂ ನಡೆದಿದೆ, ಬೀಡನ್ನನ ಹೆಸರು ಉಳಿದದ್ದು ಮಾತ್ರ ಅವನು ಹುಡುಕದೇ ಇದ್ದ ವಸ್ತುವಿನಿಂದ. ಟೇಲರ್ ಬಂದದ್ದೂ ಕಂದಾಯಕ್ಕೆ. ನಮ್ಮಲ್ಲಿಗೆ ಬಂದುಹೋದವರು ತಾವು ಬಂದ ಕೆಲಸಕ್ಕಿಂತ ದಾರಿಯಲ್ಲಿ ನೋಡಿ ಬರೆದುಕೊಂಡದ್ದರಿಂದಲೇ ನಮಗೆ ಹೆಚ್ಚು ದಕ್ಕಿದ್ದಾರೆ.

ಅದಕ್ಕೇ ಈಚೆಗೆ ಬರುವ ಹುಡುಗರಿಗೆ ನಾನೊಂದು ಕೆಲಸ ಹಚ್ಚಿದ್ದೇನೆ. ಒಂದೊಂದು ಚರ್ಚಿನಲ್ಲೂ ಮುದುಕರನ್ನು ಕೂಡಿಸಿ, ಇಲ್ಲಿ ಮೊದಲು ಅಕ್ಷರ ಕಲಿಸಿದವರು ಯಾರು, ಯಾವ ಊರಿನವರು, ಎಲ್ಲಿ ಮಣ್ಣಾದರು ಎಂದು ಕೇಳಬೇಕು. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಅವರು ದೀಕ್ಷಾಸ್ನಾನದ ಹಳೆಯ ರಿಜಿಸ್ಟರುಗಳನ್ನು ಗೆದ್ದಲು ತಿನ್ನದ ಹಾಳೆಗಳಷ್ಟಾದರೂ ಫೋಟೊ ತೆಗೆಯುತ್ತಾರೆ. ಅವರ ಫೋನು ನನ್ನದಕ್ಕಿಂತ ಚೆನ್ನಾಗಿದೆ, ಕೈಯೂ ನಡುಗುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹೆಸರುಗಳು ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಟೈಪಾಗುತ್ತಿವೆ. ಮಸ್ಕಿಯದು ಅರ್ಧಕ್ಕೆ ನಿಂತಿದೆ, ಸಿಂಧನೂರಿನ ಕ್ಯಾಂಪುಗಳಿಗೆ ತೆಲುಗು ಓದಬಲ್ಲವರೊಬ್ಬರು ಬೇಕು.