ಉಣ್ಣೆಯ ಜಿಡ್ಡು ಮತ್ತು ಬ್ರ್ಯಾಡ್‌ಫರ್ಡ್‌ನ ಕೊಳೆನೀರು

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರ್ಯಾಡ್‌ಫರ್ಡ್ 1801ರಲ್ಲಿ ಸುಮಾರು 13,000 ಜನರ ಊರಾಗಿದ್ದು, 1851ರ ಜನಗಣತಿಯ ಹೊತ್ತಿಗೆ ಒಂದು ಲಕ್ಷವನ್ನು ದಾಟಿ, ಉಣ್ಣೆಯ ಉದ್ಯಮಕ್ಕೆ ಹೆಸರಾದ ನಗರವಾಗಿ ಬೆಳೆದಿತ್ತು. ಕುರಿಯ ಚರ್ಮದ ಗ್ರಂಥಿಗಳಿಂದ ಒಸರುವ ಮೇಣದಂಥ ಜಿಡ್ಡು ಉಣ್ಣೆಗೆ ಅಂಟಿಕೊಂಡಿರುತ್ತದೆ; ಮೆರಿನೊ ತಳಿಯ ಹಸಿ ಉಣ್ಣೆಯಲ್ಲಿ ಅದು ತೂಕದ ಹತ್ತನೇ ಒಂದು ಭಾಗವನ್ನು ಮೀರುವುದುಂಟು. ನೂಲುವ ಮೊದಲು ಅದನ್ನು ಕಳೆಯಲು ಗಿರಣಿಗಳು ಉಣ್ಣೆಯನ್ನು ಸಾಬೂನು ಮತ್ತು ಸೋಡಾ ಬೆರೆತ ಬಿಸಿನೀರಿನಲ್ಲಿ ತೊಳೆದು, ಆ ನೀರನ್ನು ಊರ ಹಳ್ಳಕ್ಕೆ ಬಿಡುತ್ತಿದ್ದವು. ಹಳ್ಳದಿಂದ ನೀರು ಪಡೆಯುತ್ತಿದ್ದ, 1774ರಲ್ಲಿ ತೆರೆದ ಕಾಲುವೆಯ ದುರ್ನಾತದ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿ, 1867ರಲ್ಲಿ ಅದನ್ನು ಮುಚ್ಚಬೇಕಾಯಿತು.

ಬರಿಯ ಎಣ್ಣೆಯಾಗಿದ್ದರೆ ತಾನಾಗಿ ಮೇಲೆ ತೇಲಿ ಬರುತ್ತಿತ್ತು, ಆಗ ಅದನ್ನು ಕೆನೆಯಂತೆ ತೆಗೆಯಬಹುದಿತ್ತು. ಆದರೆ ಸಾಬೂನು ಜಿಡ್ಡಿನ ಪ್ರತಿ ಕಣವನ್ನೂ ಸುತ್ತುವರಿದು ಅದಕ್ಕೆ ಋಣ ವಿದ್ಯುದಂಶ ಕೊಡುವುದರಿಂದ, ಕಣಗಳು ಒಂದನ್ನೊಂದು ವಿಕರ್ಷಿಸುತ್ತ, ಕೂಡಿಕೊಳ್ಳದೆ ನೀರಿನಲ್ಲೇ ಹರಡಿ ನಿಲ್ಲುತ್ತವೆ. ಇಂಥ ಮಿಶ್ರಣವನ್ನು ಎಮಲ್ಷನ್ ಎನ್ನುತ್ತಾರೆ. ಗಂಧಕಾಮ್ಲವು ಸಾಬೂನನ್ನು ಕೊಬ್ಬಿನಾಮ್ಲವಾಗಿ ಒಡೆದು ಈ ಹಿಡಿತವನ್ನು ಸಡಿಲಿಸುತ್ತದೆ. ದೀರ್ಘ ಕಾನೂನು ಹೋರಾಟದ ನಂತರ 1906ರಲ್ಲಿ ನಗರಸಭೆಯ ಕೈಸೇರಿದ ಎಶೋಲ್ಟ್ ಎಸ್ಟೇಟಿನಲ್ಲಿ ನಡೆದದ್ದು ಇದೇ ಕ್ರಮ: ಕೊಳೆನೀರಿಗೆ ಆಮ್ಲ ಬೆರೆಸಿ, ತಳಕ್ಕಿಳಿದ ರಾಡಿಯನ್ನು ಬಿಸಿ ಮಾಡಿ, ಒತ್ತುಯಂತ್ರಗಳಲ್ಲಿ ಹಿಂಡಿ ಜಿಡ್ಡನ್ನು ಹೊರತೆಗೆಯಲಾಗುತ್ತಿತ್ತು. ಗಾಲಿಗಳ ಅಚ್ಚಿಗೆ ಹಚ್ಚುವ ಗ್ರೀಸ್ ಮುಂತಾಗಿ ಅದು ಮಾರಾಟವಾಯಿತು. ಉಣ್ಣೆಯ ಇದೇ ಜಿಡ್ಡನ್ನು ಶುದ್ಧೀಕರಿಸಿದ ಲ್ಯಾನೋಲಿನ್ ಮುಲಾಮುಗಳಿಗೆ ಬರುವಂತೆ 1880ರ ದಶಕದಲ್ಲೇ ಜರ್ಮನಿಯ ಆಸ್ಕರ್ ಲೀಬ್ರೈಖ್ ದಾರಿ ಮಾಡಿದ್ದರು. ಹೊಳೆಯ ಮೇಲಿನ ಮಮತೆಗಿಂತ ವ್ಯಾಜ್ಯದ ಭಯ ಮತ್ತು ಸರಕಿನ ಬೆಲೆ ಇಲ್ಲಿ ಹೆಚ್ಚು ಕೆಲಸ ಮಾಡಿದವೆನ್ನುವುದು ನಿಷ್ಠುರವಾದರೂ ನ್ಯಾಯವಾದ ಮಾತು.

ಎರಡನೆಯ ಮಹಾಯುದ್ಧದ ನಂತರ ಉಣ್ಣೆ ತೊಳೆಯಲು ಸಾಬೂನಿನ ಬದಲು ವಿದ್ಯುದಂಶವಿಲ್ಲದ ಕೃತಕ ಮಾರ್ಜಕಗಳು ಬಂದಾಗ, ಆಮ್ಲದ ಉಪಾಯ ಅಷ್ಟಾಗಿ ಫಲಿಸಲಿಲ್ಲ. ಕೊಳೆನೀರಿನ ಜಿಡ್ಡನ್ನು ಹಿಡಿಯಲು ಈಚಿನ ಸಂಶೋಧನೆ ಒಲಿದಿರುವ, ಮಣ್ಣಿನಲ್ಲಿ ಕೊಳೆತುಹೋಗುವ ಜೆಲ್‌ಗಳ ಮೂಲದ್ರವ್ಯಗಳು ಮಾತ್ರ ಹಳೆಯವು: ಕಡಲಕಳೆಯ ಆಲ್ಜಿನೇಟನ್ನು ಬ್ರಿಟನ್ನಿನ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ 1881ರಷ್ಟು ಹಿಂದೆಯೇ ವಿವರಿಸಿದ್ದರು; ಸೀಗಡಿ ಚಿಪ್ಪಿನಿಂದ ಬರುವ ಕೈಟೊಸಾನ್ ಆಮ್ಲೀಯ ನೀರಿನಲ್ಲಿ ಧನ ವಿದ್ಯುದಂಶ ಪಡೆದು ಋಣಾಂಶದ ಜಿಡ್ಡಿನ ಕಣಗಳನ್ನು ಸೆಳೆದುಕೊಳ್ಳುತ್ತದೆ. ಜೆಲ್ ಜಿಡ್ಡನ್ನು ತನ್ನೊಳಗೇ ಹಿಡಿದಿಡುವುದರಿಂದ, ಎಶೋಲ್ಟ್‌ನಲ್ಲಿ ಆದಂತೆ ಅದನ್ನು ಸರಕಾಗಿ ಪಡೆಯಬೇಕಾದರೆ ಬೇರ್ಪಡಿಸುವ ಇನ್ನೊಂದು ಹಂತ ಬೇಕಾಗುತ್ತದೆ.